ಬಲಗಡೆ, ಮುಂದಿನ ಗಾಲಿಯ ಹಿಂದೆ

ಜೋಳದ ಹಿಟ್ಟು ನಾದಿ ಎರಡೂ ಕೈ ಮೆತ್ತಿಕೊಂಡಿರುವಾಗಲೇ ಫೋನು ಬಡಿದುಕೊಳ್ಳುತ್ತದೆ. ಮೂರು ತಿಂಗಳಿಂದ ಇದೇ ನಡೆದಿದೆ. ಹಿಟ್ಟಿನ ಕೈಯಲ್ಲೇ ಎತ್ತಿದರೆ ಆ ಕಡೆಯಿಂದ ಒಂದೇ ಮಾತು, “ಪಿಕಪ್ ಅದ ಏನ್ರಿ ಇನ್ನಾ?” ಇದೆ ಅನ್ನುತ್ತೇನೆ. “ಆಖರಿ ರೇಟ್ ಹೇಳ್ರಿ” ಅನ್ನುತ್ತಾರೆ. ಗಾಡಿ ನೋಡಿಲ್ಲ, ಯಾವ ಊರೆಂದು ಕೇಳಿಲ್ಲ, ಮೊದಲಿನ ರೇಟನ್ನೇ ಕೇಳಿಲ್ಲ, ನೇರವಾಗಿ ಆಖರಿ ರೇಟು ಬೇಕು. ಹೇಳಿದರೆ “ವಿಚಾರ ಮಾಡಿ ಹೇಳ್ತೀನ್ರಿ” ಎಂದು ಇಟ್ಟುಬಿಡುತ್ತಾರೆ. ಯಾರ ವಿಚಾರವೂ ಇನ್ನೂ ಮುಗಿದಿಲ್ಲ.

ನಾನು ರತ್ನಾಬಾಯಿ. ವಾಡಿಯ ಅಂಗನವಾಡಿಯಲ್ಲಿ ಮೂವತ್ತೊಂದು ವರ್ಷ ದುಡಿದು ಹೋದ ವರ್ಷ ನಿವೃತ್ತಳಾದವಳು. ಒಂದೇ ಮಾತನ್ನು ದಿನಕ್ಕೆ ನೂರು ಸಲ ಹೇಳುವುದು ನನಗೆ ಹೊಸದಲ್ಲ. ಆದರೆ ಮಕ್ಕಳು ನೂರನೇ ಸಲಕ್ಕಾದರೂ ಕೇಳುತ್ತಿದ್ದವು.

ಮಾರಬೇಕಿರುವುದು ನನ್ನ ಗಂಡ ಬಸವಂತರಾಯರ ಪಿಕಪ್. ಅರವತ್ತೆಂಟನೇ ಇಸವಿಯದು. ದುಂಡನೆಯ ಮೂತಿ, ದುಂಡನೆಯ ದೀಪ, ಹಿಂದೆ ಸಾಮಾನು ಹೇರಲು ಹಲಗೆಯ ತೊಟ್ಟಿ. ಹದಿನಾಲ್ಕು ವರ್ಷದ ಕೆಳಗೆ, ಶಹಾಬಾದಿನ ಹತ್ತಿರ ಮುಚ್ಚಿಹೋದ ಒಂದು ಕಲ್ಲಿನ ಗಣಿಯಲ್ಲಿ, ಬೇವಿನ ಗಿಡದ ಕೆಳಗೆ, ಒಂದು ಗಾಲಿಯೂ ಇಲ್ಲದೆ ನೆಲಕ್ಕೆ ಕೂತಿತ್ತಂತೆ. ಅವತ್ತು ಇವರು ಮನೆಯಿಂದ ಹೊರಟದ್ದು ಫ್ರಿಜ್ ತರುವುದಕ್ಕೆ. ಸಂಜೆ ಟ್ರ್ಯಾಕ್ಟರಿನ ಮೇಲೆ ಇದನ್ನು ಹೇರಿಕೊಂಡು ಬಂದರು. ಗುಜರಿ ಭಾವ, ತೂಕದ ಲೆಕ್ಕ. ಸೀಟಿನ ಸ್ಪ್ರಿಂಗಿನ ನಡುವೆ ಬೆಕ್ಕು ಮರಿ ಹಾಕಿತ್ತು. “ಫ್ರಿಜ್ ಎಲ್ಲಿ ಅದರಿ?” ಅಂದೆ. “ಮುಂದಿನ ವರ್ಷ” ಅಂದರು. ಆ ಮರಿಗಳು ದೊಡ್ಡವಾಗಿ, ಅವುಗಳ ಮರಿಗಳೂ ದೊಡ್ಡವಾದ ಮೇಲೆ ಫ್ರಿಜ್ ಬಂತು.

ಇವರು ಸಿಮೆಂಟ್ ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದರು. ಶಿಫ್ಟ್ ಮುಗಿಸಿ ಬಂದು, ಮುಖಕ್ಕೆ ನೀರು ಹಾಕಿಕೊಂಡು, ಚಹಾ ಕುಡಿದು ಅಂಗಳಕ್ಕಿಳಿದರೆ ಊಟಕ್ಕೆ ಕರೆಯುವವರೆಗೆ ಆ ಕಬ್ಬಿಣದ ಜೊತೆಗೇ ಸಂಸಾರ. ಹತ್ತು ವರ್ಷ ಹೀಗೆ. ಹೈದರಾಬಾದಿನ ಗುಜರಿ ಬಜಾರಿನಿಂದ ಬಾಗಿಲು ಬಂತು, ಕಲಬುರಗಿಯಿಂದ ಗಾಜು ಬಂತು, ಉಳಿದದ್ದನ್ನು ಇವರೇ ಬಡಿದು, ಬೆಸುಗೆ ಹಾಕಿ, ತಿದ್ದಿ ಮಾಡಿದರು. ಅದರಲ್ಲೂ ಒಂದು ಚಟವಿತ್ತು. ಏನು ಮಾಡಿದರೂ ಎರಡು ಮಾಡುವುದು. ಒಂದು ಗಾಡಿಗೆ, ಇನ್ನೊಂದು “ಜೋಡಿಗೆ ಇರಲಿ” ಎಂದು ಕಪಾಟಿಗೆ. ನಡುರಾತ್ರಿ ಮಷಿನ್ ನಿಂತರೆ ಹೊಸದು ಮಾಡಿಕೊಂಡು ಕೂರಲು ಆಗುವುದಿಲ್ಲ, ಅದು ಫ್ಯಾಕ್ಟರಿ ಕಲಿಸಿದ್ದು. ಹೀಗಾಗಿ ಅಂಗಳದಲ್ಲಿ ಒಂದು ಗಾಡಿ, ನನ್ನ ಕಪಾಟಿನಲ್ಲಿ ಅರ್ಧ ಗಾಡಿ. ನಾನು ಶಂಡಿಗೆ, ಹಪ್ಪಳ, ಮೆಣಸಿನಕಾಯಿ ಒಣಗಿಸುತ್ತಿದ್ದ ಪರ್ಸಿ ಕಲ್ಲಿನ ಅಂಗಳ ಪೂರ್ತಿ ಎಣ್ಣೆ ಕುಡಿದು ಕಪ್ಪಾಯಿತು. ಪಕ್ಕದ ಮನೆಯ ಲತೀಫಾ ಹೊಲಿಗೆ ಕೆಲಸದವಳು. ಸೀಟಿಗೆ ಕವರ್ ಹೊಲಿದು ಕೊಟ್ಟ ದಿನ, “ರತ್ನಕ್ಕಾ, ನಿನ್ನ ಸವತಿಗಿ ಝಂಪರ್ ಹೊಲದೀನಿ ನೋಡು” ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಮುಗಿದಾಗ ಚಂದ ಇತ್ತು, ಸುಳ್ಳು ಯಾಕೆ ಹೇಳಲಿ. ತೊಗರಿ ಹೂವಿನ ಹಳದಿ ಬಣ್ಣ ಹಚ್ಚಿದ್ದರು. ಮೊದಲ ಸಲ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಚಿತ್ತಾಪುರದವರೆಗೆ ಹೋಗಿ ಬಂದಾಗ ದಾರಿಯಲ್ಲಿ ಜನ ನಿಂತು ನೋಡಿದರು. ಇವರು ಯಾರ ಕಡೆಯೂ ನೋಡದೆ, ಮದುಮಗನಂತೆ ನೆಟ್ಟಗೆ ಕೂತು ಓಡಿಸಿದರು.

ಎರಡು ವರ್ಷದ ಹಿಂದೆ ಕೈ ನಡುಗಲು ಶುರುವಾಯಿತು. ಮೊದಲು ಚಹಾದ ಬಸಿಯಲ್ಲಿ ಗೊತ್ತಾಯಿತು, ಆಮೇಲೆ ಸ್ಕ್ರೂ ಡ್ರೈವರಿನಲ್ಲಿ. ಕೈ ಸುಮ್ಮನಿದ್ದಾಗ ಏನೂ ಇಲ್ಲ, ಏನಾದರೂ ಮಾಡಲು ಹೋದರೆ ಸಾಕು, ಲಟಲಟ. ಕಲಬುರಗಿಯ ಡಾಕ್ಟರು ಗುಳಿಗೆ ಬರೆದುಕೊಟ್ಟು, ಕಡಿಮೆ ಆಗಬಹುದು, ಹೋಗುವುದಿಲ್ಲ ಎಂದರು. ಗಾಡಿ ಓಡಿಸಬೇಡಿ ಎಂದೂ ಹೇಳಿದರು. ಅದು ಇವರ ಕಿವಿಗೆ ಬೀಳಲಿಲ್ಲ.

ನಾಲ್ಕು ತಿಂಗಳ ಹಿಂದೆ ಬಿತ್ತು. ರೈಲ್ವೆ ಗೇಟಿನ ಹತ್ತಿರ ತಿರುಗಿಸುವಾಗ ಸ್ಟೇರಿಂಗು ಕೈಯಿಂದ ಜಾರಿ, ಪಿಕಪ್ಪು ರಸ್ತೆ ಬಿಟ್ಟು ಚಹಾದ ಅಂಗಡಿಯ ಬೆಂಚಿನ ಮೇಲೆ ಹತ್ತಿತು. ಬೆಂಚು ಎರಡು ತುಂಡಾಯಿತು. ಅದರ ಮೇಲೆ ಕೂತಿದ್ದ ಮುದುಕ ಬೀಡಿಗೆ ಬೆಂಕಿ ಕೇಳಲು ಎದ್ದು ಒಳಗೆ ಹೋಗಿದ್ದ. ಹಾಗೆ ಎದ್ದು ಹೋಗದಿದ್ದರೆ ಏನಾಗುತ್ತಿತ್ತು ಎಂದು ನಾನು ಇವತ್ತಿಗೂ ಪೂರ್ತಿ ಯೋಚಿಸುವುದಿಲ್ಲ, ಅರ್ಧಕ್ಕೇ ಬಿಡುತ್ತೇನೆ. ಮನೆಗೆ ಬಂದು ಇವರು ಅಂಗಳದಲ್ಲೇ ಕೂತರು. ಆಮೇಲೆ, “ಇನ್ ನಡಸಂಗಿಲ್ಲ. ಮಾರಿಬಿಡು. ಆದ್ರ ನಡಸೋರಿಗಿ ಕೊಡು, ನಿಲ್ಸೋರಿಗಿ ಕೊಡಬ್ಯಾಡ” ಅಂದರು.

ಮಾತು ಕೊಟ್ಟರು, ಸರಿ. ಆದರೆ ದಿನಾ ಬೆಳಗ್ಗೆ ಎದ್ದು ಅರಿವೆಯಿಂದ ಅದನ್ನು ಒರೆಸುವ ಗಂಡಸಿನ ಮಾತನ್ನು ಹೇಗೆ ನಂಬಲಿ? ಕೀಲಿಯನ್ನು ತೆಗೆದುಕೊಂಡು ಜೋಳದ ಡಬ್ಬಿಯಲ್ಲಿ, ಮೊಳಕೈ ಆಳಕ್ಕೆ ಹುಗಿದಿಟ್ಟೆ. ಗಾಡಿ ಅಂಗಳದಲ್ಲಿ ಇರುವವರೆಗೆ ನನಗೆ ಮಧ್ಯಾಹ್ನದ ನಿದ್ದೆಯಿಲ್ಲ. ಸಣ್ಣ ಸದ್ದಾದರೂ ಎದ್ದು ಹೋಗಿ ಕಿಟಕಿಯಲ್ಲಿ ನೋಡುತ್ತಿದ್ದೆ. ಗಾಡಿ ಹೋಗಬೇಕು, ಇಲ್ಲವಾದರೆ ಒಂದು ದಿನ ಇವರೋ, ಬೀಡಿಗೆ ಎದ್ದು ಹೋಗದ ಇನ್ಯಾರೋ ಹೋಗುತ್ತಾರೆ. ನನಗಿದ್ದದ್ದು ಇಷ್ಟೇ ಚಿಂತೆ.

ಜಾಹೀರಾತು ಹಾಕುವುದನ್ನು ಲತೀಫಾ ಕಲಿಸಿದಳು. ಅವಳು ಮೊಬೈಲಿನಲ್ಲಿ ನೈಟಿ ಮಾರುವವಳು, ಎಲ್ಲ ಗೊತ್ತು. ಎಂಟು ಫೋಟೋ ತೆಗೆದು, ಬರೆಯುವುದನ್ನು ನನಗೆ ಬಿಟ್ಟಳು. “ಹಳೇ ಕಾಲದ ಪಿಕಪ್. ಮನೆಯಲ್ಲೇ ಕೈಯಾರೆ ಸರಿಮಾಡಿದ್ದು. ಚೆನ್ನಾಗಿ ಓಡುತ್ತದೆ. ಓಡಿಸುವವರು ಮಾತ್ರ ವಿಚಾರಿಸಿ.” ಕೊನೆಯ ಸಾಲನ್ನು ಒಬ್ಬರೂ ಓದಲಿಲ್ಲ. ಕೊಡ್ಲಿ ಎಂಬ ಊರಿನ ಒಬ್ಬ ಎರಡು ಎಮ್ಮೆ ಕೊಡುತ್ತೇನೆ, ಬದಲಿಗೆ ಕೊಡಿ ಎಂದ. ಎಮ್ಮೆಯ ಫೋಟೋ ಕೂಡ ಕಳಿಸಿದ, ಒಳ್ಳೆಯ ಎಮ್ಮೆಗಳೇ. ಇನ್ನೊಬ್ಬ ತಾನು ಮಿಲಿಟರಿಯವನು, ಗಾಡಿ ನೋಡುವುದೇ ಬೇಡ, ಮುಂಗಡ ಕಳಿಸುತ್ತೇನೆ, ಈ ಚುಕ್ಕಿ ಚುಕ್ಕಿಯ ಚೌಕದ ಚಿತ್ರವನ್ನು ಸ್ಕ್ಯಾನ್ ಮಾಡಿ ಎಂದ. ದುಡ್ಡು ಬರುವುದಕ್ಕೆ ನಾನ್ಯಾಕಪ್ಪ ಸ್ಕ್ಯಾನ್ ಮಾಡಬೇಕು ಎಂದು ಕೇಳಿದ್ದಕ್ಕೆ, ದೇಶ ಕಾಯುವವರ ಮೇಲೆ ನಂಬಿಕೆಯಿಲ್ಲವೇ ಎಂದು ನನಗೇ ಬೈದ. ಮೊದಮೊದಲು ಫೋನನ್ನು ಇವರ ಕೈಗೇ ಕೊಟ್ಟಿದ್ದೆ. ನಡುಗುವ ಬೆರಳಿಗೆ ಯಾರಿಗೋ ನಾಲ್ಕು ಕೆಂಪು ಹೃದಯ ಹೋದ ಮೇಲೆ ಕಿತ್ತುಕೊಂಡೆ.

ನೋಡಲು ಬಂದವರೂ ಇದ್ದರು. ಸೇಡಂನಿಂದ ಶಿವರಾಯ ಎನ್ನುವವರು ಬಂದರು, ತೊಗರಿ ಬ್ಯಾಳಿ ಮಿಲ್ಲಿನ ಮಾಲೀಕರು. ಮಿಲ್ಲಿನ ಹೆಸರು ಬರೆಸಿ ಊರಲ್ಲಿ ಓಡಿಸುವ ಆಸೆ ಅವರಿಗೆ. ಸುತ್ತ ಎರಡು ಸಲ ತಿರುಗಿ ನೋಡಿ ಮುಖ ಅರಳಿಸಿದರು. ಅಷ್ಟರಲ್ಲಿ ಇವರು, “ಮೂರನೇ ಗೇರ್ ಜರಾ ಹಠಾ ಮಾಡ್ತದರಿ. ಬ್ರೇಕ್ ಎಡಕ್ ಎಳೀತದ. ಮಳಿಗಾಲದಾಗ ಮ್ಯಾಲಿಂದ ಸೋರ್ತದ” ಅಂದರು. ಶಿವರಾಯರ ಮುಖ ಮುದುಡಿತು. ಅವರು ಹೋದ ಮೇಲೆ, ಎಷ್ಟು ಸತ್ಯವಂತರು ನೀವು ಎಂದು ಹಂಗಿಸಿದೆ. ಗೇರ್ ಹಠ ಮಾಡುವುದನ್ನಾಗಲಿ, ಮೇಲಿಂದ ಸೋರುವುದನ್ನಾಗಲಿ ನಾನು ಒಂದು ದಿನವೂ ಕಂಡಿರಲಿಲ್ಲ ಎಂಬುದು ಆಗ ತಲೆಗೆ ಬರಲಿಲ್ಲ. ಆಮೇಲೆ ಹೈದರಾಬಾದಿನಿಂದ ಒಬ್ಬ ಹೋಟೆಲಿನವನು ಬಂದ. ಎಂಜಿನ್ ತೆಗೆದು, ಬಾಗಿಲಲ್ಲಿ ನಿಲ್ಲಿಸಿ, ಅದರೊಳಗೆ ಐಸ್‌ಕ್ರೀಮ್ ಮಾರುತ್ತಾನಂತೆ. ಇವರು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆ ಮನುಷ್ಯನಿಗೆ ಚಹಾ ಕೊಟ್ಟು ಕಳಿಸುವಷ್ಟರಲ್ಲಿ ನನಗೆ ಸಾಕಾಗಿತ್ತು.

ಹೀಗೆ ಹನ್ನೊಂದು ಮಂದಿ ಬಂದು ಹೋದರು. ಹನ್ನೊಂದು ಸಲ ಅಂಗಳ ಗುಡಿಸಿದೆ, ಹನ್ನೊಂದು ಸಲ ಜೋಳದಲ್ಲಿ ಕೈ ಹಾಕಿ ಕೀಲಿ ತೆಗೆದೆ, ಮತ್ತೆ ಹುಗಿದೆ. ಕೊನೆಕೊನೆಗೆ ಫೋನು ಬಂದರೆ ಎದೆಯಲ್ಲಿ ಆಸೆಯೂ ಇಲ್ಲ, ಸಿಟ್ಟೂ ಇಲ್ಲ, ಬರೀ ದಣಿವು.

ಹನ್ನೆರಡನೆಯವನು ಸಂಘಪಾಲ. ಚಿಂಚೋಳಿ ತಾಲೂಕಿನ ಐನಾಪುರದವನು, ಚಿಂಚೋಳಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದಾನೆ. ಜೊತೆಗೆ ಹೆಂಡತಿ ಸುಮಂಗಲಾ, ಮದುಮಕ್ಕಳಿಗೆ ಮೇಕಪ್ ಮಾಡುವವಳು. ಮದುವೆಗೆ ಮೊದಲು ಹುಡುಗ ಹುಡುಗಿಯನ್ನು ಕಾಡಿಗೆ, ಡ್ಯಾಮಿಗೆ ಕರೆದುಕೊಂಡು ಹೋಗಿ ಫೋಟೋ ತೆಗೆಯುತ್ತಾರಲ್ಲ, ಅದಕ್ಕೆ ಗಾಡಿ ಬೇಕಂತೆ. ಸಾಮಾನೂ ಹೋಗಬೇಕು, ಫೋಟೋದಲ್ಲೂ ಬರಬೇಕು.

“ನಿಲ್ಸೂದಿಲ್ಲ ಹೌದಿಲ್ಲೋ?” ಎಂದರು ಇವರು.

“ನಿಲ್ಸಿದ್ರ ಹೊಟ್ಟಿ ತುಂಬಬೇಕಲ್ಲ ಕಾಕಾ. ವಾರದಾಗ ನಾಲ್ಕು ದಿನ ತಿರಗ್ತದ” ಎಂದ ಸಂಘಪಾಲ.

ಇವರು ಅವನನ್ನು ಓಡಿಸಲು ಹೇಳಿ ಪಕ್ಕದಲ್ಲಿ ಕೂತರು. ನಾನೂ ಸುಮಂಗಲಾಳೂ ಹಿಂದಿನ ತೊಟ್ಟಿಯಲ್ಲಿ ಹಲಗೆ ಹಿಡಿದು ನಿಂತೆವು. ಹುಡುಗ ಗುಂಡಿ ಬಂದಲ್ಲಿ ಬಸುರಿಯನ್ನು ಕರೆದೊಯ್ಯುವವನಂತೆ ನಿಧಾನ ಮಾಡಿದ. ಗೇರ್ ಹಾಕಿದ್ದು ನಮಗೆ ತಿಳಿಯಲೇ ಇಲ್ಲ. ರೈಲ್ವೆ ಗೇಟಿನ ತಿರುವಿನಲ್ಲಿ, ಇವರ ಕೈ ಜಾರಿದ ಜಾಗದಲ್ಲೇ, ಅವನ ಎರಡು ಕೈ ಸ್ಟೇರಿಂಗಿನ ಮೇಲೆ ಸುಮ್ಮನೆ ಕೂತಿದ್ದವು. ಹಿಂದಿನ ಗಾಜಿನಿಂದ ನಾನು ನೋಡಿದೆ. ಇವರೂ ಅದನ್ನೇ ನೋಡುತ್ತಿದ್ದರು.

ಮನೆಗೆ ಬಂದ ಮೇಲೆ ಇವರು ಬ್ರೇಕು, ಗೇರು, ಸೋರಿಕೆ ಯಾವುದನ್ನೂ ಎತ್ತಲಿಲ್ಲ. ರೇಟು ಹೊಂದಿತು. ನಾನು ಬಸವಣ್ಣನಿಗೆ ಮನಸ್ಸಿನಲ್ಲೇ ಕೈಮುಗಿದೆ. ಆಗ ಸಂಘಪಾಲ ಕಿಸೆಯಿಂದ ಒಂದು ತೆಳು ಕಾಗದದ ಪಟ್ಟಿ, ಒಂದು ಪೆನ್ಸಿಲ್ ತೆಗೆದ.

“ಚಾಸಿ ನಂಬರ್ ತಕ್ಕೋತೀನಿ ಕಾಕಾ. ಎಲ್ಲಿ ಅದ?”

ಗಾಡಿಯ ಅಡಿಯಲ್ಲಿ ಉದ್ದಕ್ಕೆ ಎರಡು ಕಬ್ಬಿಣದ ತೊಲೆ ಇರುತ್ತವೆ, ಅದೇ ಚಾಸಿ. ಅದರ ಮೇಲೆ ಕಂಪನಿಯವರು ನಂಬರು ಕೊರೆದಿರುತ್ತಾರೆ. ಅದರ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿದರೆ ನಂಬರು ಮೂಡುತ್ತದೆ. ಆ ಪಟ್ಟಿಯನ್ನು ಅರ್ಜಿಗೆ ಅಂಟಿಸದೆ ಆರ್‌ಟಿಓ ಕಚೇರಿಯಲ್ಲಿ ಹೆಸರು ಬದಲಾಗುವುದಿಲ್ಲ. ಇದೆಲ್ಲ ನನಗೆ ಅವತ್ತೇ ತಿಳಿದದ್ದು.

“ಎಲ್ಲಿ ಅದನೋ ಏನೋ” ಎಂದರು ಇವರು. “ಹಳೇ ಗಾಡಿ. ತುಕ್ಕು ತಿಂದಿರಬೇಕು.”

ಸಂಘಪಾಲ ಅಂಗಿ ಬಿಚ್ಚಿ ಕೆಳಗೆ ತೂರಿಕೊಂಡ. ಎಡಗಡೆ, ಬಲಗಡೆ, ಹಿಂದೆ, ಮುಂದೆ, ಒಂದು ತಾಸು ಟಾರ್ಚು ಹಿಡಿದು ಹುಡುಕಿದ. ಎಲ್ಲಿ ನೋಡಿದರೂ ನುಣ್ಣನೆಯ ಕಪ್ಪು ಬಣ್ಣ. ಬೆನ್ನಿಗೆ ದೂಳು ಮೆತ್ತಿಕೊಂಡು ಎದ್ದು ಬಂದಾಗ ಅವನ ಮುಖ ನೋಡಲಾಗಲಿಲ್ಲ.

“ನಂಬರ್ ಇಲ್ಲದ ಗಾಡಿ ತಕ್ಕೊಂಡ್ರ ನಾಳಿ ಕಳವಿನ ಮಾಲು ಅಂತಾರ ಕಾಕೂ. ನಮ್ಮಂಥೋರ ಮಾತು ಯಾರೂ ಕೇಳಂಗಿಲ್ಲ” ಎಂದ ನನಗೆ. “ನನಗ ಭಾಳ ಪಸಂದ್ ಬಂದದ. ಎಂಟು ದಿನ ಕಾಯ್ತೀನಿ. ಸಿಕ್ಕರ ಒಂದು ಫೋನ್ ಮಾಡ್ರಿ.”

ಅವರು ಹೋದ ಮೇಲೆ ಇವರು ಅರಿವೆ ತೆಗೆದುಕೊಂಡು ಗಾಡಿ ಒರೆಸಲು ಕೂತರು. ಹದಿನಾಲ್ಕು ವರ್ಷ ಅದರ ಒಂದೊಂದು ನಟ್ಟನ್ನೂ ಬಿಚ್ಚಿ ಕಟ್ಟಿದ ಮನುಷ್ಯನಿಗೆ ನಂಬರು ಎಲ್ಲಿದೆ ಗೊತ್ತಿಲ್ಲವೆಂದರೆ ನಾನು ನಂಬಿದೆನಲ್ಲ, ನನ್ನ ದಡ್ಡತನಕ್ಕೆ ಏನು ಹೇಳಲಿ.

ನಾಲ್ಕನೇ ದಿನ ಗಾಡಿಯ ಕಾಗದದ ಚೀಲವನ್ನು ತೆಗೆದು ಹಾಸಿಗೆಯ ಮೇಲೆ ಸುರಿದೆ. ಎಲ್ಲಾದರೂ ಏನಾದರೂ ಬರೆದಿರಬಹುದು ಎಂದು. ಐದು ವರ್ಷದ ಹಿಂದೆ ನೋಂದಣಿ ಮುಂದುವರಿಸಿದ ಅರ್ಜಿಯ ನಕಲು ಸಿಕ್ಕಿತು. ಆಗ ಗಾಡಿಗಿನ್ನೂ ಹಳದಿ ಬಣ್ಣ ಬಿದ್ದಿರಲಿಲ್ಲ, ತುಕ್ಕು ತಡೆಯಲು ಬಳಿಯುವ ಕೆಂಪು ಆಕ್ಸೈಡಿನಲ್ಲೇ ಓಡಾಡುತ್ತಿತ್ತು. ಅರ್ಜಿಯ ಹಿಂದೆ ಗುಂಡುಪಿನ್ನು ಚುಚ್ಚಿ ಒಂದು ಕಾಗದದ ಪಟ್ಟಿ ಇಟ್ಟಿದ್ದರು. ಅದರ ಮೇಲೆ ಪೆನ್ಸಿಲಿನಲ್ಲಿ ಉಜ್ಜಿ ತೆಗೆದ ನಂಬರು. ಒಂದನ್ನು ಕಚೇರಿಗೆ ಕೊಟ್ಟು, ಇನ್ನೊಂದನ್ನು ಜೋಡಿಗೆ ಇಟ್ಟುಕೊಂಡಿದ್ದರು. ಕೆಳಗೆ ಇವರ ಅಕ್ಷರ, ಕೈ ನಡುಗುವ ಮುಂಚಿನ ಮುತ್ತಿನಂಥ ಅಕ್ಷರ: “ಬಲಗಡೆ, ಮುಂದಿನ ಗಾಲಿಯ ಹಿಂದೆ, ಒಂದು ಗೇಣು.”

ಮೈ ಉರಿದುಹೋಯಿತು. ಮೂರು ತಿಂಗಳು ನಾನು ಊರ ಮಂದಿಯ ಫೋನಿಗೆಲ್ಲ ಉತ್ತರ ಕೊಟ್ಟು ಸಾಯುತ್ತಿದ್ದೇನೆ, ಈ ಮನುಷ್ಯ ಕೂತಲ್ಲೇ ಕೂತು ಒಬ್ಬೊಬ್ಬರನ್ನಾಗಿ ಓಡಿಸುತ್ತಿದ್ದಾನೆ. ಮೂರನೇ ಗೇರಂತೆ, ಸೋರುತ್ತದಂತೆ, ತುಕ್ಕು ತಿಂದಿದೆಯಂತೆ. ಇವರು ಊಟ ಮಾಡಿ ಅಡ್ಡಾಗಿದ್ದರು. ಎಬ್ಬಿಸಲಿಲ್ಲ. ಗೋಣಿಚೀಲವೊಂದನ್ನು ಅಂಗಳದಲ್ಲಿ ಹಾಸಿ, ಸೆರಗು ಸಿಕ್ಕಿಸಿ, ನೋಯುವ ಮೊಣಕಾಲನ್ನು ಎಳೆದುಕೊಂಡು ಗಾಡಿಯ ಕೆಳಗೆ ತೂರಿದೆ. ಅರವತ್ತೊಂದು ವರ್ಷಕ್ಕೆ ಮಾಡುವ ಕೆಲಸವಲ್ಲ.

ಗಾಲಿಯಿಂದ ಒಂದು ಗೇಣು ಅಳೆದು ಕೈ ಆಡಿಸಿದೆ. ನುಣುಪು. ಎಳೆ ಕೂಸಿನ ಕೆನ್ನೆಯಷ್ಟು ನುಣುಪು. ಆಗ ನೆನಪಾಯಿತು.

ಲಾಕ್‌ಡೌನ್ ಇತ್ತು. ಅಂಗನವಾಡಿಗೆ ಬೀಗ. ಮನೆಯಲ್ಲಿ ಕೂತು ಕೂತು ಬೇಸತ್ತು ಒಂದು ದಿನ ಅಂಗಳಕ್ಕಿಳಿದು, ಏನಾದರೂ ಕೆಲಸ ಕೊಡಿ ಎಂದು ಇವರ ಪಕ್ಕ ಕೂತಿದ್ದೆ. ಬಣ್ಣ ಹೊಡೆಯುವ ಮುಂಚೆ ಕಬ್ಬಿಣದ ಗುಳಿಗಳಿಗೆ ಲಪ್ಪ, ಅಂದರೆ ಪುಟ್ಟಿ, ಮೆತ್ತಿ, ಒಣಗಿದ ಮೇಲೆ ಪಾಲಿಶ್ ಪೇಪರಿನಲ್ಲಿ ಉಜ್ಜಿ ಸಮ ಮಾಡಬೇಕು. ಬಲಗಡೆಯ ಚಾಸಿಯನ್ನು ನನಗೆ ಬಿಟ್ಟುಕೊಟ್ಟರು. ಒಂದು ಕಡೆ ಸಣ್ಣ ಸಣ್ಣ ತಗ್ಗುಗಳು ಸಾಲಾಗಿದ್ದವು. ತುಕ್ಕು ತಿಂದದ್ದೆಂದು ತಿಳಿದು ಒಂದನ್ನೂ ಬಿಡದೆ ತುಂಬಿದೆ. ಮೂರು ದಿನ ಉಜ್ಜಿದೆ. “ನಿನ್ನ ಕೈ ಭಾಳ ಸಾಫ್ ಅದ, ರತ್ನಾ” ಎಂದಿದ್ದರು ಇವರು. ಅಂಗನವಾಡಿಯಲ್ಲಿ ಮೂವತ್ತೊಂದು ವರ್ಷ ಮಕ್ಕಳಿಗೆ ಒಂದು ಎರಡು ಕಲಿಸಿದವಳು ಕಬ್ಬಿಣದ ಮೇಲಿನ ಅಂಕಿಗಳನ್ನು ಗುರುತಿಸಲಿಲ್ಲ. ಮುಚ್ಚಿದ್ದು ನಾನೇ.

ಆ ಬಿಸಿಲ ಹೊತ್ತಿನಲ್ಲಿ ಅಲ್ಲೇ ಸ್ವಲ್ಪ ಹೊತ್ತು ಮಲಗಿದೆ. ಆಮೇಲೆ ತರಕಾರಿ ಚಾಕುವಿನಿಂದ ಕೆರೆಯತೊಡಗಿದೆ. ಎರಡು ಚಪ್ಪಲಿ ಬಂದು ಗಾಡಿಯ ಪಕ್ಕ ನಿಂತವು.

“ಏನ್ ಮಾಡಾಕತ್ತಿ ಅಲ್ಲಿ?”

“ನಂಬರ್ ಹುಡಕಾಕತ್ತೀನಿ. ಬಲಗಡಿ, ಮುಂದಿನ ಗಾಲಿ ಹಿಂದ, ಒಂದು ಗೇಣು.”

ಇವರು ಗಾಲಿಗೆ ಒರಗಿ ನೆಲಕ್ಕೆ ಕೂತರು.

“ನಿಮಗ ಗೊತ್ತಿತ್ತು” ಅಂದೆ.

“ಗೊತ್ತಿತ್ತು.”

“ನಾನೇ ಮುಚ್ಚೀನಿ ಅಂತನೂ ಗೊತ್ತಿತ್ತು?”

“ಅವತ್ತೇ ನೋಡೀನಿ. ಸಂಜಿಕ ಟಾರ್ಚ್ ಹಿಡದು ನೋಡಿದ್ರ, ನಂಬರ್ ಇದ್ದ ಜಾಗಾ ಕನ್ನಡಿ ಆಗಿತ್ತು.”

“ಮತ್ತ ಅವತ್ತೇ ಯಾಕ ಬೈಲಿಲ್ಲ?”

ಇವರು ಅಂಗೈಯಿಂದ ಗಾಲಿಯ ದೂಳು ಒರೆಸಿದರು.

“ಹತ್ತು ವರ್ಷದಾಗ ಮೊದಲನೇ ಸಲ ಬಂದು ಬಾಜೂಕ ಕುಂತಿದ್ದಿ. ಬೈದ್ರ ಎದ್ದು ಹೋಗ್ತಿದ್ದಿ. ನೀ ಉಜ್ಜಿದ್ದು ಕೆರದು ತಗದ್ರೂ ಹೋಗ್ತಿದ್ದಿ. ಇರಲಿ ಬಿಡು ಅಂದೆ.”

“ಮೊನ್ನಿ ಆ ಹುಡುಗನ ಮುಂದ? ಅದ್ಯಾಕ ಸುಳ್ಳು ಹೇಳಿದ್ರಿ?”

“ಅದು ಬ್ಯಾರೆ” ಅಂದರು. “ಅವ ಛಲೋ ನಡಸ್ತಾನ, ರತ್ನಾ. ನನಕಿಂತ ಛಲೋ ನಡಸ್ತಾನ. ಅವಗ ಇಲ್ಲ ಅನ್ಲಿಕ್ಕ ನನ್ನ ಹಂತೇಕ ಮತ್ತೇನೂ ಉಳದಿದ್ದಿಲ್ಲ.”

ನನಗೆ ಸಿಟ್ಟು ಬಂತು, ಅಳುವೂ ಬಂತು. ಅಂಗಾತ ಮಲಗಿದ್ದರಿಂದ ಕಣ್ಣೀರು ನೇರ ಕಿವಿಯೊಳಗೆ ಹೋಯಿತು. ಒರೆಸಿ ಮತ್ತೆ ಚಾಕು ಹಿಡಿದೆ. ಇನ್ನು ಬೇಡ ಬಿಡು ಅನ್ನುತ್ತಾರೇನೋ ಎಂದು ಕಾದೆ. ಅಂದಿದ್ದರೆ ಬಿಡುತ್ತಿದ್ದೆನೋ ಏನೋ, ಅಷ್ಟು ಸೋತಿದ್ದೆ.

“ಚಾಕು ನೆಟ್ಟಗ ಹಿಡೀಬ್ಯಾಡ” ಎಂದರು. “ಮಲಗಿಸಿ ಹಿಡಿ. ಕಬ್ಬಿಣಕ್ಕ ಗೀರು ಬಿದ್ರ ನಂಬರ್ ತಿದ್ದ್ಯಾರ ಅಂತಾರ.”

ಥಿನ್ನರಿನ ಬಾಟಲಿ, ಹಳೆಯ ಹಲ್ಲುಜ್ಜುವ ಬ್ರಷ್ಷು ತಂದು ಕೆಳಗೆ ಸರಿಸಿದರು. ನಾನು ಹಚ್ಚಿದೆ, ನೆನೆಯಲು ಬಿಟ್ಟೆ, ಕೆರೆದೆ. ಕಪ್ಪು ಹೋಯಿತು, ಕೆಂಪು ಹೋಯಿತು, ಬೂದು ಬಣ್ಣದ ನನ್ನ ಲಪ್ಪ ಚೂರು ಚೂರಾಗಿ ಮುಖದ ಮೇಲೆ ಉದುರಿತು. ಎಷ್ಟು ಗಟ್ಟಿಯಾಗಿ ತುಂಬಿದ್ದೆನೋ ಹಾಳಾದವಳು, ಎರಡು ತಾಸು ಹಿಡಿಯಿತು. ಮೊದಲು ಒಂದು ಏಳು ಕಂಡಿತು. ಆಮೇಲೆ ಸೊನ್ನೆ. ಕೊನೆಗೆ ಪೂರ್ತಿ ಸಾಲು.

“ಬಂತು” ಅಂದೆ.

“ಕಾಗದಾ ಕೊಡು. ಪೆನ್ಸಿಲ್ ಕೊಡು. ಅದು ನಾ ತಗೀತೀನಿ.”

ಇವರೂ ತೂರಿ ಬಂದು ನನ್ನ ಪಕ್ಕ ಮಲಗಿದರು. ಇಬ್ಬರ ಭುಜಕ್ಕೆ ಒಂದೇ ಗೋಣಿಚೀಲ ಸಾಲಲಿಲ್ಲ. ನಾನು ಕಾಗದವನ್ನು ಎರಡೂ ತುದಿಯಲ್ಲಿ ಒತ್ತಿ ಹಿಡಿದೆ. ಇವರು ಪೆನ್ಸಿಲನ್ನು ಮಲಗಿಸಿ ಕೈ ಎತ್ತಿದರು. ಕೈ ನಡುಗತೊಡಗಿತು. ಚಹಾ ಚೆಲ್ಲುವ ಕೈ, ಗುಂಡಿ ಹಾಕಿಕೊಳ್ಳಲು ಬಾರದ ಕೈ. ನಾನು ಹಿಡಿಯಲೇ ಎನ್ನುವುದರೊಳಗೆ ಪೆನ್ಸಿಲ್ಲು ಕಾಗದಕ್ಕೆ ತಾಗಿತು. ಆ ಕೆಲಸಕ್ಕೆ ಬೇಕಾದದ್ದು ನಡುಕವೇ. ಅತ್ತ ಇತ್ತ, ಅತ್ತ ಇತ್ತ, ಸಣ್ಣಗೆ, ಬಿಡದೆ. ಒಂದೊಂದೇ ಅಂಕಿ ಬೆಳ್ಳಗೆ, ಸ್ಪಷ್ಟವಾಗಿ ಮೂಡಿ ಬಂತು. ಎಲ್ಲಿಯೂ ಹರಿಯಲಿಲ್ಲ, ಎಲ್ಲಿಯೂ ಮಸುಕಾಗಲಿಲ್ಲ. ಎರಡು ವರ್ಷದಲ್ಲಿ ಆ ಕೈ ಮಾಡಿದ ಮೊದಲ ಒಳ್ಳೆಯ ಕೆಲಸ ಅದು. ಇವರು ಕಾಗದವನ್ನು ಕಣ್ಣ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

“ಇನ್ನೊಂದು ಕಾಗದಾ ಹಿಡಿ” ಅಂದರು. ಜೋಡಿಗೆ ಇರಲಿ ಎಂದು ನಾನೇ ಅಂದೆ.

ಸಂಜೆ ಸಂಘಪಾಲನಿಗೆ ಫೋನು ಮಾಡಿದೆ. ನಾನು ಮಾತಾಡುವಾಗ ಇವರು ಎದ್ದು ಹೋಗಲಿಲ್ಲ, ಎದುರಿಗೇ ಕೂತಿದ್ದರು.

ಭಾನುವಾರ ಗಂಡ ಹೆಂಡತಿ ಬಂದರು. ಸುಮಂಗಲಾ ಒಂದು ಡಬ್ಬಿ ಶೇಂಗಾ ಹೋಳಿಗೆ ತಂದಿದ್ದಳು. ಇವರು ಕಾಗದಗಳಿಗೆ ಸಹಿ ಮಾಡಿದರು, ಪ್ರತಿ ಸಹಿಗೂ ಹುಡುಗ ಕಾಗದ ಹಿಡಿದುಕೊಂಡು ತಾಳ್ಮೆಯಿಂದ ಕೂತಿದ್ದ. ಕಪಾಟಿನಲ್ಲಿದ್ದ ಅರ್ಧ ಗಾಡಿಯನ್ನು, ಹಿಡಿಕೆ, ಕನ್ನಡಿ, ಬೆಲ್ಟು ಎಲ್ಲ, ತೊಟ್ಟಿಯಲ್ಲಿ ಹೇರಿದೆವು. ಲತೀಫಾ ಗೋಡೆಯ ಮೇಲಿಂದ, “ಸವತಿ ಗಂಡನ ಮನಿಗೆ ಹೊಂಟಾಳ, ಅಳಬ್ಯಾಡ ರತ್ನಕ್ಕಾ” ಎಂದಳು. ಈ ಸಲವೂ ನಗು ಬರಲಿಲ್ಲ, ಆದರೆ ಕಾರಣ ಬೇರೆ.

“ಕೀಲಿ ತರ್ತೀನಿ ತಡೀರಿ” ಎಂದು ನಾನು ಒಳಗೆ ಹೋದೆ. ಜೋಳದ ಡಬ್ಬಿಯ ಮುಚ್ಚಳ ತೆಗೆದು ಕೈ ಇಳಿಸಿದೆ. ಕೀಲಿ ತಳಕ್ಕೆ ಜಾರಿತ್ತು. ಬೆರಳಿಗೆ ಸಿಕ್ಕುವಷ್ಟರಲ್ಲಿ ಅಂಗಳದಲ್ಲಿ ಎಂಜಿನ್ ಶುರುವಾಯಿತು.

ಕೀಲಿ ನನ್ನ ಕೈಯಲ್ಲಿದೆ. ಗಾಡಿ ಓಡುತ್ತಿದೆ.

ಹೊರಗೆ ಓಡಿ ಬಂದೆ. ಸಂಘಪಾಲ ಸೀಟಿನಲ್ಲಿ ಕೂತಿದ್ದ. ಇವರು ಬಾಗಿಲ ಹತ್ತಿರ, ಎರಡೂ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು.

“ಕೀಲಿ ಎಲ್ಲಿಂದ ಬಂತು?” ಅಂದೆ.

“ಜೋಡಿಗೆ ಇತ್ತು” ಅಂದರು.

ಏನು ಮಾಡಿದರೂ ಎರಡು ಮಾಡುವ ಮನುಷ್ಯ ಕೀಲಿಯನ್ನು ಮಾತ್ರ ಒಂದೇ ಮಾಡಿಸಿರುತ್ತಾನೆಯೇ? ಇಷ್ಟು ವರ್ಷ ಸಂಸಾರ ಮಾಡಿದ ನನಗೆ ಅದೊಂದು ಹೊಳೆಯಲಿಲ್ಲ. ನಾಲ್ಕು ತಿಂಗಳು. ನಾನು ಚಿತ್ತಾಪುರದ ಕಚೇರಿಗೆ ನನ್ನ ನಿವೃತ್ತಿಯ ಕಾಗದಪತ್ರಕ್ಕೆಂದು ಇಡೀ ದಿನ ಹೋಗಿ ಬಂದದ್ದಿದೆ. ಲತೀಫಾಳ ತಂಗಿಯ ಮದುವೆಗೆ ಶಹಾಬಾದಿಗೆ ಹೋಗಿ ಎರಡು ದಿನ ಉಳಿದದ್ದಿದೆ. ಮನೆಯಲ್ಲಿ ಇವರು, ಅಂಗಳದಲ್ಲಿ ಗಾಡಿ.

“ಇಷ್ಟು ದಿನ ನಿಮ್ಮ ಕಿಸೇದಾಗೇ ಇತ್ತೇನ್ರಿ?”

“ಹೂಂ.”

“ಮತ್ತ ಒಂದ್ ದಿನಾನೂ…”

“ನಡಸಂಗಿಲ್ಲ ಅಂತ ಹೇಳಿದ್ದೆನಲ್ಲ ನಿನಗ” ಎಂದರು ಇವರು, ಸ್ವಲ್ಪ ಬೇಸರದಿಂದ.

ನನ್ನ ಕೀಲಿಗೆ ಜೋಳದ ದೂಳು ಮೆತ್ತಿತ್ತು. ಸೆರಗಿನಿಂದ ಒರೆಸಿ ಸುಮಂಗಲಾಳ ಕೈಗೆ ಕೊಟ್ಟೆ.